ಹತ್ತು ಐವತ್ತೊಂಬತ್ತು

ಜೂನ್ 3, ಮಂಗಳವಾರ

ಆರು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಇಷ್ಟು ದಿನ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಅಲ್ಲೊಂದು ಇಲ್ಲೊಂದು ತಿದ್ದುವ ಕೆಲಸ. ಇವತ್ತು ಕಂಪನಿಯ ಯಜಮಾನರು ಮೇಜಿನ ಹತ್ತಿರ ಬಂದು, "ಮೇಡಂ, ಪೆಟ್ಟಿಗೆಯ ಗಡಿಯಾರ ನೀವು ಮಾಡಿ" ಅಂದರು. ಅಷ್ಟು ಹೇಳಿ ಹೋದವರು ಅರ್ಧ ಗಂಟೆಗೆ ವಾಪಸು ಬಂದು "ಆಯ್ತಾ?" ಅಂದರು. ದಿನಕ್ಕೆ ಹತ್ತು ಸಲ ಹೀಗೇ ಕೇಳುವುದರಿಂದ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಆಯ್ತಾ ಸಾರ್ ಅಂತಲೇ ಕರೆಯುವುದು.

ನಮ್ಮದು ಏಳು ಜನರ ಕಂಪನಿ, ಕನ್ನಡಿ ಅಂಗಡಿಯ ಮೇಲಿನ ಮಹಡಿ. ಮಾಡುವುದು ಮಾತ್ರೆ ಪೆಟ್ಟಿಗೆ. ಬೆಳಿಗ್ಗೆ ಮಾತ್ರೆಗಳನ್ನು ಖಾನೆಗಳಲ್ಲಿ ತುಂಬಿಟ್ಟರೆ, ಹೇಳಿದ ಹೊತ್ತಿಗೆ ಪೆಟ್ಟಿಗೆ ಮೂರು ಸೆಕೆಂಡು ಕೂಗಿ ಒಂದು ಖಾನೆ ತೆರೆಯುತ್ತದೆ. ಆಸ್ಪತ್ರೆಯೊಂದರ ವೃದ್ಧರ ವಾರ್ಡಿಗೆ ಜುಲೈ 18ಕ್ಕೆ ನಲವತ್ತು ಪೆಟ್ಟಿಗೆ ಕೊಡಬೇಕು. ಸಮಯಕ್ಕೆಂದೇ ಇರುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು ಎಲ್ಲೂ ಸಿಗುತ್ತಿಲ್ಲ. ಹಾಗಾಗಿ ಇರುವ ಚಿಪ್ಪಿನಲ್ಲೇ, ಬರೀ ಪ್ರೋಗ್ರಾಮಿನಿಂದ ಗಡಿಯಾರ ಕಟ್ಟಬೇಕು.

ಹೇಗೆ ಅಂತ ಮೇಷ್ಟ್ರನ್ನು ಕೇಳಿದೆ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ, ಈಗ ವಾರಕ್ಕೆ ಮೂರು ದಿನ ನಮ್ಮಲ್ಲಿ ಬಂದು ಕೂರುತ್ತಾರೆ. ಅವರು ಹೇಳಿದ್ದು ಇಷ್ಟು: ಚಿಪ್ಪಿನೊಳಗೆ ಟೈಮರ್ ಅಂತ ಒಂದು ಭಾಗ. ಅದಕ್ಕೆ ಎಣಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಹತ್ತು ಸಾವಿರ ಎಣಿಸಿದ ಕೂಡಲೇ, ಅಂದರೆ ಸೆಕೆಂಡಿಗೆ ನೂರು ಸಲ, ಅದು ಪ್ರೋಗ್ರಾಮಿನ ಭುಜ ತಟ್ಟುತ್ತದೆ. ಈ ತಟ್ಟುವುದೇ ಇಂಟರಪ್ಟ್. ಪ್ರೋಗ್ರಾಮು ಏನೇ ಮಾಡುತ್ತಿರಲಿ, ಅಲ್ಲೇ ಬಿಟ್ಟು, ಲೆಕ್ಕಕ್ಕೆ ಒಂದು ಕೂಡಿಸಿ, ಬಿಟ್ಟ ಜಾಗಕ್ಕೇ ವಾಪಸು ಬರುತ್ತದೆ. ನೂರು ಸಲ ತಟ್ಟಿದರೆ ಒಂದು ಸೆಕೆಂಡು, ಅರುವತ್ತಕ್ಕೆ ನಿಮಿಷ, ಆಮೇಲೆ ಗಂಟೆ.

ಓದಿದ್ದೇ. ಕಾಲೇಜಿನಲ್ಲಿ ಪರೀಕ್ಷೆಗೂ ಬರೆದಿದ್ದೆ. ಆದರೆ ಇವತ್ತು ಸಂಜೆ ಪುಟ್ಟ ಪರದೆಯ ಮೇಲೆ ನಾನೇ ಬರೆದ ಸೆಕೆಂಡು ಒಂದೊಂದಾಗಿ ಓಡಿದಾಗ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆ. ಆಯ್ತಾ ಸಾರ್ ಬಂದರು. ಮೊದಲ ಸಲ ಅವರಿಗೆ "ಆಯ್ತು" ಅಂದೆ.

ಜೂನ್ 5, ಗುರುವಾರ

ಆಗಿರಲಿಲ್ಲ. ಗಡಿಯಾರ ದಿನಕ್ಕೆ ಒಂದು ನಿಮಿಷ ಒಂಬತ್ತು ಸೆಕೆಂಡು ಹಿಂದೆ ಬೀಳುತ್ತಿದೆ. ಬೆಳಗಿನಿಂದ ಪ್ರೋಗ್ರಾಮನ್ನು ಹತ್ತು ಸಲ ಓದಿದೆ, ಒಂದು ತಪ್ಪೂ ಕಾಣಲಿಲ್ಲ.

ಮೇಷ್ಟ್ರು ಬಂದು ಕೊಡೆ ಮೂಲೆಗಿಟ್ಟರು. "ಎಷ್ಟು ಹಿಂದೆ?"

"ಅರುವತ್ತೊಂಬತ್ತು ಸೆಕೆಂಡು ಸಾರ್."

ನನ್ನ ಪ್ರೋಗ್ರಾಮಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಳೇ ಲಕೋಟೆಯ ಹಿಂಭಾಗದಲ್ಲಿ ಏನೋ ಭಾಗಿಸಿದರು. "ಪ್ರತಿ ಸಲ ಎಂಟು ಎಣಿಕೆ ಸೋರಿಹೋಗ್ತಿದೆಯಮ್ಮಾ. ತಟ್ಟಿದ ಮೇಲೆ ಟೈಮರಿಗೆ ಮತ್ತೆ ಮೊದಲಿನ ಅಂಕಿ ನೀವೇ ತುಂಬ್ತಿದೀರಿ, ಅಲ್ವಾ? ನೀವು ಬಂದು ತುಂಬೋವರೆಗೆ ಅದೇನು ಕೈಕಟ್ಟಿ ಕೂತಿರತ್ತಾ? ಅಷ್ಟರಲ್ಲಿ ಎಂಟು ಎಣಿಸಿರತ್ತೆ. ಅದನ್ನ ನೀವು ಅಳಿಸಿಹಾಕ್ತಿದೀರಿ."

ಹೋಗಿ ನೋಡಿದರೆ ಸರಿಯಾಗಿ ಎಂಟು. ಏಳಲ್ಲ, ಒಂಬತ್ತಲ್ಲ. ಹತ್ತು ಸಾವಿರಕ್ಕೆ ಬಂದಾಗ ತಾನಾಗಿಯೇ ಸೊನ್ನೆಗೆ ಹೋಗು ಅಂತ ಚಿಪ್ಪಿಗೇ ಹೇಳಿಬಿಡುವ ದಾರಿ ಇದೆ. ಹಾಗೆ ಮಾಡಿದೆ.

ಕಾಯಿಲೆಯವರ ಮುಖ ನೋಡದೆ, ಬರೀ ಜ್ವರದ ಅಂಕಿ ಕೇಳಿ ರೋಗ ಹೇಳಿದ ಹಾಗಾಯಿತು. ಆ ಲಕೋಟೆಯನ್ನು ಅವರು ಎಸೆದ ಮೇಲೆ ಎತ್ತಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಇವರಿಗೆ ಹೇಳಿದರೆ ನಗುತ್ತಾರೆ.

ಜೂನ್ 11, ಬುಧವಾರ

ಈಗ ದಿನಕ್ಕೆ ಒಂದು ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ. ಆಯ್ತಾ ಸಾರ್ ಖುಷಿಯಾಗಿ, "ಒಂದು ಪೆಟ್ಟಿಗೆ ಮನೆಗೆ ತಗೊಂಡ್ಹೋಗಿ. ನಿಮ್ಮ ಅತ್ತೆ ಮಾತ್ರೆ ತಗೋತಾರಲ್ಲ, ಅವರ ಹತ್ರ ಇರಲಿ" ಅಂದರು.

ಅತ್ತೆಯವರಿಗೆ ನಡುಕದ ಕಾಯಿಲೆ, ಒಂಬತ್ತು ವರ್ಷದಿಂದ. ಬೆಳಿಗ್ಗೆ ಆರೂವರೆ, ಹತ್ತೂವರೆ, ಮಧ್ಯಾಹ್ನ ಎರಡೂವರೆ, ಸಂಜೆ ಆರೂವರೆ. ಮಾತ್ರೆ ತಡವಾದರೆ ಮೈ ಮರದ ಹಾಗೆ ಬಿಗಿಯುತ್ತದೆ, ಬೇಗ ಬಿದ್ದರೆ ತಲೆ ಸುತ್ತಿ ಕೈಕಾಲು ತಾವಾಗಿಯೇ ಕುಣಿಯುತ್ತವೆ. ನಾನು ಕೆಲಸಕ್ಕೆ ಸೇರಿದ ಮೇಲೆ ಹಗಲು ಅವರೊಬ್ಬರೇ. ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಇವರು ನಡುವೆ ಒಮ್ಮೆ ಬಂದು ನೋಡಿ ಹೋಗುತ್ತಾರೆ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ವಿವರಿಸಿದೆ, ಸ್ವಲ್ಪ ಗಟ್ಟಿಯಾಗಿ, ಸ್ವಲ್ಪ ನಿಧಾನವಾಗಿ. ಅವರು ಕೇಳಿಸಿಕೊಂಡು, "ನಂಗೆ ಕಿವಿ ಚೆನ್ನಾಗಿದೆ ಕಣಮ್ಮ" ಅಂದರು. ಆಮೇಲೆ, "ಇದು ಹೊತ್ತು ತಪ್ಪಿದ್ರೆ ಯಾರಿಗೆ ಹೇಳ್ಬೇಕು?"

"ತಪ್ಪಲ್ಲ ಅತ್ತೆ."

"ತಪ್ಪಿದ್ರೆ ಅಂದೆ."

"ನನಗೇ ಹೇಳಿ."

ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾವುದನ್ನಾದರೂ ಕೊಟ್ಟರೆ ಕೈ ನಡುಗಿದರೂ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡುವುದು, ಯಾರಿಗೆ ದೂರು ಕೊಡಬೇಕು ಅಂತ ವಿಚಾರಿಸುವುದು. ಆ ಅಭ್ಯಾಸ ಹೋಗಿಲ್ಲ. ಒಂದು ಚಿಕ್ಕ ನೋಟ್‌ಬುಕ್ಕು ಬೇಕು ಅಂದರು. ಕೊಟ್ಟೆ. ಏನಾದರೂ ಒಂದು ಕೆಲಸ ಇದ್ದರೆ ಅವರಿಗೂ ಹೊತ್ತು ಹೋಗುತ್ತದೆ.

ಜೂನ್ 16, ಸೋಮವಾರ

ಆಫೀಸಿನಲ್ಲಿ ಆರು ಪೆಟ್ಟಿಗೆ ಸಾಲಾಗಿಟ್ಟು ಪರೀಕ್ಷೆ ಶುರು. ಗಂಟೆಗೊಂದು ಸಲ ಕೂಗುವ ಹಾಗೆ ಇಟ್ಟಿದ್ದೇನೆ. ಹತ್ತು, ಹನ್ನೊಂದು, ಹನ್ನೆರಡು. ಆರೂ ಒಟ್ಟಿಗೆ ಕೂಗಿದರೆ ಕೆಳಗಿನ ಕನ್ನಡಿ ಅಂಗಡಿಯವನು ಮೇಲೆ ನೋಡುತ್ತಾನೆ. ಒಂದೂ ತಪ್ಪಿಲ್ಲ.

ಜೂನ್ 24, ಮಂಗಳವಾರ

ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲೇ ಕಾಯುತ್ತಿದ್ದರು. "ನಿನ್ನ ಪೆಟ್ಟಿಗೆ ಇವತ್ತು ಅರ್ಧ ಗಂಟೆ ಮೊದಲೇ ಕೂಗಿಬಿಡ್ತು. ಹತ್ತಕ್ಕೇ ತೆಗೀತು. ನಾನು ನಂಬಿ ನುಂಗಿಬಿಟ್ಟೆ, ಆಮೇಲೆ ತಲೆ ಗಿರ್ ಅಂತು."

ಪೆಟ್ಟಿಗೆ ನೋಡಿದೆ. ಗಂಟೆ ಸರಿಯಾಗಿದೆ, ನನ್ನ ಫೋನಿಗೂ ಅದಕ್ಕೂ ಒಂದು ಸೆಕೆಂಡು ಕೂಡ ವ್ಯತ್ಯಾಸವಿಲ್ಲ. ಅರ್ಧ ಗಂಟೆ ಮುಂದೆ ಓಡಿದ ಗಡಿಯಾರ ತಾನಾಗಿಯೇ ಹಿಂದಕ್ಕೆ ಬರುವುದುಂಟೇ? ನೀವು ಗೋಡೆ ಗಡಿಯಾರ ತಪ್ಪಾಗಿ ನೋಡಿರಬೇಕು ಅಂದೆ.

"ಇರಬಹುದು" ಅಂದರು. ಆದರೆ ಒಪ್ಪಿದ ಮುಖವಲ್ಲ.

ಜುಲೈ 2, ಬುಧವಾರ

ಮತ್ತೆ ಅದೇ. ಈ ಸಲ ಮಧ್ಯಾಹ್ನ. ಎರಡು ಗಂಟೆಗೇ ಕೂಗಿತಂತೆ. ಅತ್ತೆಯವರು ನುಂಗದೆ ಮಾತ್ರೆಯನ್ನು ಕೈಯಲ್ಲೇ ಹಿಡಿದು ಕೂತಿದ್ದು, ಎರಡೂವರೆಗೆ ತೆಗೆದುಕೊಂಡರಂತೆ. "ಪರದೆ ಮೇಲೆ ಬೇರೇನೋ ಅಂಕಿ ಬಂತು. ಕೂಗೋದು ನಿಂತ ಮೇಲೆ ಸರಿಹೋಯ್ತು" ಅಂತಲೂ ಸೇರಿಸಿದರು.

ರಾತ್ರಿ ಊಟವಾದ ಮೇಲೆ ಇವರು ನನ್ನನ್ನು ಅಡುಗೆಮನೆಗೆ ಕರೆದರು. "ಅಮ್ಮಂಗೆ ನಡುಕಕ್ಕೆ ಆ ಹೊಸ ಮಾತ್ರೆ ಶುರು ಮಾಡಿದಾಗ್ಲೇ ಡಾಕ್ಟರು ಹೇಳಿದ್ರು, ಇಲ್ಲದ್ದು ಕಾಣಿಸಬಹುದು, ಕಂಡ್ರೆ ತಕ್ಷಣ ಬನ್ನಿ ಅಂತ. ನಿನ್ನ ಪೆಟ್ಟಿಗೇಲಿ ಹೀಗಾಗೋಕೆ ಸಾಧ್ಯ ಇದೆಯಾ?"

ಆರು ಪೆಟ್ಟಿಗೆ, ಹದಿನಾರು ದಿನ, ಸಾವಿರಗಟ್ಟಲೆ ಕೂಗು, ಒಂದೂ ತಪ್ಪಿಲ್ಲ. "ಇಲ್ಲ" ಅಂದೆ.

ಜುಲೈ 4, ಶುಕ್ರವಾರ

ಡಾಕ್ಟರು ಅತ್ತೆಯವರನ್ನು ನಡೆಸಿ ನೋಡಿದರು, ಬೆರಳು ಮಡಚಿ ಬಿಡಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಪೆಟ್ಟಿಗೆ ನೀವೇ ಮಾಡಿದ್ದಂತೆ. ಅದು ತಪ್ಪಾಗಿ ತೋರಿಸಬಹುದಾ?"

"ಇಲ್ಲ ಡಾಕ್ಟ್ರೇ. ಪರೀಕ್ಷೆ ಮಾಡಿದೀವಿ."

ಅತ್ತೆಯವರು ನನ್ನ ಪಕ್ಕದಲ್ಲೇ ಕೂತಿದ್ದರು. ಡಾಕ್ಟರು ಹೊಸ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಮೈ ಸ್ವಲ್ಪ ಬಿಗಿಯಬಹುದು, ಆದರೆ ಭ್ರಮೆ ನಿಲ್ಲುತ್ತದೆ ಅಂದರು.

ಬರುವಾಗ ಆಟೋದಲ್ಲಿ ಅತ್ತೆಯವರು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದರು. ಒಂದು ಕಡೆ ಸಿಗ್ನಲಿನಲ್ಲಿ ನಿಂತಾಗ, "ಅಲ್ಲಿ ಕೆಂಪು ಬೋರ್ಡು ಇದೆಯಲ್ವಾ?" ಅಂತ ಕೇಳಿದರು. ಇದೆ ಅತ್ತೆ ಅಂದೆ. ಯಾಕೆ ಕೇಳಿದರೋ.

ಜುಲೈ 9, ಬುಧವಾರ

ಸ್ವಲ್ಪ ಬಿಗಿಯಬಹುದು ಅಂದಿದ್ದರು. ಸ್ವಲ್ಪವಲ್ಲ. ಮಲಗಿದಲ್ಲಿ ಮಗ್ಗುಲು ಬದಲಿಸಲು ಆಗುತ್ತಿಲ್ಲ. ಬೆಳಿಗ್ಗೆ ಕುಪ್ಪಸದ ಗುಂಡಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ. ನಾನು ಹಾಕುತ್ತೇನೆ ಅಂದರೆ, "ನೀನು ಹೊರಡು, ಬಸ್ಸು ತಪ್ಪತ್ತೆ" ಅಂದರು. ಚಮಚ ಬಾಯಿಗೆ ಬರುವುದರೊಳಗೆ ಅರ್ಧ ಚೆಲ್ಲುತ್ತದೆ. ಅವರು ಒರೆಸಿಕೊಂಡು ಮತ್ತೆ ಶುರು ಮಾಡುತ್ತಾರೆ. ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಈ ಸ್ಥಿತಿಯಲ್ಲೂ ಅವರು ಪ್ರತಿ ಸಲ ಪೆಟ್ಟಿಗೆ ಕೂಗಿದಾಗ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಾರೆ. ಬರೆಯಲು ಐದು ನಿಮಿಷ ಬೇಕು. ಯಾರೂ ಕೇಳಿಲ್ಲ, ಯಾರೂ ಓದುವುದಿಲ್ಲ. ಆದರೂ ಬರೆಯುತ್ತಾರೆ.

ಜುಲೈ 14, ಸೋಮವಾರ

ನಲವತ್ತು ಪೆಟ್ಟಿಗೆಯೂ ತಯಾರು. ಮಧ್ಯಾಹ್ನ ಮೇಷ್ಟ್ರ ಜೊತೆ ಟೀ ಕುಡಿಯುವಾಗ ಮನೆಯ ಸುದ್ದಿ ಬಂತು. ಅತ್ತೆಗೆ ಹೀಗೆ ಭ್ರಮೆ ಶುರುವಾಗಿದೆ, ಪೆಟ್ಟಿಗೆ ಬೇಗ ಕೂಗಿತು ಅಂತಾರೆ, ಪರದೆ ಮೇಲೆ ಏನೋ ಅಂಕಿ ಕಂಡಿತಂತೆ ಅಂದೆ.

"ಯಾವ ಅಂಕಿ?" ಅಂದರು.

ನನಗೆ ಗೊತ್ತಿರಲಿಲ್ಲ.

"ಎಷ್ಟು ಗಂಟೆಗೆ?"

"ಒಂದು ಸಲ ಹತ್ತಕ್ಕೆ, ಒಂದು ಸಲ ಎರಡಕ್ಕೆ."

"ಸುಮಾರು ಹತ್ತೋ, ಸರಿಯಾಗಿ ಹತ್ತೋ?"

ಅದೂ ಗೊತ್ತಿರಲಿಲ್ಲ. ಮೇಷ್ಟ್ರು ಲೋಟ ಕೆಳಗಿಟ್ಟರು. "ಕೇಳ್ಲೇ ಇಲ್ವೇನಮ್ಮಾ ನೀವು?" ಬೈಗುಳವಲ್ಲ. ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅನುಮತಿ ಕೇಳಿ ಮನೆಗೆ ಬಂದೆ. ಅತ್ತೆ ಮಲಗಿದ್ದರು. "ನಿಮ್ಮ ನೋಟ್‌ಬುಕ್ಕು ಒಂದು ದಿನ ಕೊಡ್ತೀರಾ?" ಅಂತ ಕೇಳಿದೆ. ಏನು ಎತ್ತ ಅಂತ ವಿಚಾರಿಸದೆ ದಿಂಬಿನ ಕೆಳಗಿಂದ ಎಳೆದುಕೊಟ್ಟರು.

ತೆರೆದರೆ ಓದಲು ಆಗಲಿಲ್ಲ. ಈ ಕಾಯಿಲೆಯಲ್ಲಿ ಬರವಣಿಗೆ ಚಿಕ್ಕದಾಗುತ್ತಾ ಹೋಗುತ್ತದೆ. ಸಾಲು ಶುರುವಾಗುವಾಗ ಸಾಸಿವೆಯಷ್ಟಿದ್ದ ಅಕ್ಷರ, ಮುಗಿಯುವಾಗ ಬರೀ ಚುಕ್ಕೆ. ಮತ್ತೆ ಆಫೀಸಿಗೆ ಹೋಗಿ, ಬೆಸುಗೆ ಹಾಕುವಾಗ ಬಳಸುವ ದೊಡ್ಡ ಭೂತಗನ್ನಡಿ ದೀಪದ ಕೆಳಗಿಟ್ಟೆ.

ಮೂವತ್ತಮೂರು ದಿನ, ದಿನಕ್ಕೆ ನಾಲ್ಕು ಸಾಲು. ಗೋಡೆ ಗಡಿಯಾರದ ಹೊತ್ತು, ಪೆಟ್ಟಿಗೆ ತೋರಿಸಿದ ಹೊತ್ತು, ನಡುವಿನ ವ್ಯತ್ಯಾಸ. ಒಂದು ದಿನವೂ ಬಿಟ್ಟಿಲ್ಲ. ಎಲ್ಲ ಸಾಲಿನ ಕೊನೆಗೂ "ಸರಿ" ಅಂತಿದೆ, ಮೂರನ್ನು ಬಿಟ್ಟು.

ಜೂನ್ 24: "ಹತ್ತು ಹೊಡೆಯುವಾಗಲೇ ಕೂಗಿತು. 10:59 ತೋರಿಸಿತು. ಕೂಗಿ ನಿಂತ ಮೇಲೆ 10:00. ಹತ್ತೂವರೆಗೆ ಕೂಗಲಿಲ್ಲ."

ಜುಲೈ 2: "ಎರಡು ಹೊಡೆಯುವಾಗ. 2:59. ಆಮೇಲೆ 2:00. ಎರಡೂವರೆಗೆ ಕೂಗಲಿಲ್ಲ."

ಜುಲೈ 11: "ಹತ್ತು ಹೊಡೆಯುವಾಗ. 10:59. ಆಮೇಲೆ 10:00. ಯಾರಿಗೂ ಹೇಳಲಿಲ್ಲ."

ಮೂರೂ ಸಲ ಗಂಟೆ ಬದಲಾಗುವ ಕ್ಷಣ. ಮೂರೂ ಸಲ ಐವತ್ತೊಂಬತ್ತು. ನೋಟ್‌ಬುಕ್ಕನ್ನು ಮೇಷ್ಟ್ರ ಮುಂದಿಟ್ಟೆ. ಅವರು ಭೂತಗನ್ನಡಿಯ ಮೇಲೆ ಬಗ್ಗಿ ಬಹಳ ಹೊತ್ತು ಓದಿದರು, ಆ ಮೂರು ಸಾಲು ಮಾತ್ರವಲ್ಲ, ಮೊದಲಿನಿಂದ ಕೊನೆಯವರೆಗೆ. ತಲೆಯೆತ್ತಿ, "ಭ್ರಮೆ ಇಷ್ಟು ಅಚ್ಚುಕಟ್ಟಾಗಿರಲ್ಲ" ಅಂದರು. ಆಮೇಲೆ, "ಮೂವತ್ತು ವರ್ಷ ಪಾಠ ಮಾಡ್ದೆ. ಇಂಥ ಲ್ಯಾಬ್ ರೆಕಾರ್ಡ್ ಒಬ್ಬನೂ ಬರೆದುಕೊಡ್ಲಿಲ್ಲ."

ಜುಲೈ 15, ಮಂಗಳವಾರ

ಸಿಕ್ಕಿತು.

ಪ್ರೋಗ್ರಾಮು ಹೊತ್ತು ನೋಡುವಾಗ ಮೊದಲು ಸೆಕೆಂಡು ಓದುತ್ತದೆ, ಆಮೇಲೆ ನಿಮಿಷ, ಆಮೇಲೆ ಗಂಟೆ. ಹೊತ್ತು 9:59:59 ಅನ್ನೋಣ. ಐವತ್ತೊಂಬತ್ತು ನಿಮಿಷ ಅಂತ ಓದಿಯಾಯಿತು. ಗಂಟೆ ಓದಬೇಕು ಅನ್ನುವಷ್ಟರಲ್ಲಿ ಟೈಮರ್ ಭುಜ ತಟ್ಟಿತು. ಪ್ರೋಗ್ರಾಮು ಓದುವುದನ್ನು ಅಲ್ಲೇ ಬಿಟ್ಟು ಹೋಗಿ ಗಡಿಯಾರವನ್ನು 10:00:00 ಮಾಡಿ ಬಂತು. ವಾಪಸು ಬಂದು ಬಿಟ್ಟಲ್ಲಿಂದ ಮುಂದುವರಿಸಿ ಗಂಟೆ ಓದಿತು: ಹತ್ತು. ಹಳೇ ನಿಮಿಷಕ್ಕೆ ಹೊಸ ಗಂಟೆ ಸೇರಿ ಹತ್ತು ಐವತ್ತೊಂಬತ್ತಾಯಿತು. ಹತ್ತೂವರೆ ದಾಟಿಹೋಯಿತು ಅಂತ ತಿಳಿದು ಖಾನೆ ತೆರೆಯಿತು. ಮೂರು ಸೆಕೆಂಡು ಕೂಗುವಾಗ ಪರದೆ ಬದಲಾಗುವುದಿಲ್ಲ, ಹಾಗಾಗಿ 10:59 ಅಲ್ಲೇ ನಿಂತಿತ್ತು. ಕೂಗು ಮುಗಿದ ಮೇಲೆ ಮತ್ತೆ ಓದಿ 10:00 ತೋರಿಸಿತು. ಮಾತ್ರೆ ಕೊಟ್ಟಾಗಿದೆ ಅಂತ ಗುರುತು ಮಾಡಿಕೊಂಡಿದ್ದರಿಂದ ಹತ್ತೂವರೆಗೆ ಕೂಗಲಿಲ್ಲ. ಅತ್ತೆ ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಆಫೀಸಿನಲ್ಲಿ ಯಾಕೆ ಕಾಣಲಿಲ್ಲ? ಎಲ್ಲ ಪರೀಕ್ಷೆಯನ್ನೂ ನಾನು ಸರಿಯಾಗಿ ಗಂಟೆಗೆ ಇಟ್ಟಿದ್ದೆ. ಹತ್ತಕ್ಕೆ ಕೂಗಬೇಕಾದದ್ದು ತಪ್ಪಾಗಿ 10:59 ಅಂತ ಓದಿದರೂ ಕೂಗುವುದು ಹತ್ತಕ್ಕೇ.

ಮೇಷ್ಟ್ರು ಹೇಳಿದ ಹಾಗೆ ಒಂದು ಪೆಟ್ಟಿಗೆಗೆ 9:59:59 ಅಂತ ಸಾವಿರ ಸಲ ತುಂಬಿಸಿ, ಪ್ರತಿ ಸಲ ಗಂಟೆ ಬದಲಾಗುವುದನ್ನು ಪರೀಕ್ಷಿಸುವ ಹಾಗೆ ಮಾಡಿದೆ. ಹದಿನೇಳು ನಿಮಿಷದಲ್ಲಿ ಮುಗಿಯಿತು. ಸಾವಿರಕ್ಕೆ ಇಪ್ಪತ್ತಮೂರು ಸಲ ತಪ್ಪು.

ತಿದ್ದಿದ್ದು ಎರಡೇ ಸಾಲು. ಹೊತ್ತು ಓದುವ ಆ ಚೂರು ಕ್ಷಣದಲ್ಲಿ ಭುಜ ತಟ್ಟಿದರೆ ಸ್ವಲ್ಪ ಕಾಯುವ ಹಾಗೆ, ಓದಿ ಮುಗಿದ ಕೂಡಲೇ ಓಗೊಡುವ ಹಾಗೆ. ಮತ್ತೆ ಸಾವಿರ. ಸೊನ್ನೆ. ಆಮೇಲೆ ಹತ್ತು ಸಾವಿರಕ್ಕೆ ಹಚ್ಚಿ ಬಂದಿದ್ದೇನೆ.

ಸಂಜೆ ಮನೆಗೆ ಬಂದು ಅತ್ತೆಯ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ.

"ಅತ್ತೆ, ಪೆಟ್ಟಿಗೆ ತಪ್ಪು ಮಾಡ್ತಿತ್ತು. ನೀವು ನೋಡಿದ್ದು ನಿಜ."

"ಮೂರೂ ಸಲಾನಾ?"

"ಮೂರೂ ಸಲ."

"10:59 ಇತ್ತಾ?"

"ಇತ್ತು. ನಾನೂ ನೋಡ್ದೆ ಇವತ್ತು, ಇಪ್ಪತ್ತಮೂರು ಸಲ."

ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಹೇಳಿದರು: "ಹತ್ತು ದಿನದಿಂದ ಏನು ನೋಡಿದ್ರೂ ಇದು ಇದೆಯೋ ಇಲ್ವೋ ಅನ್ನೋದೇ ಆಗಿತ್ತು ಕಣೇ. ನೀವಿಬ್ರೂ ಹೋದ್ಮೇಲೆ ಕುರ್ಚಿ, ಬಾಗಿಲು ಎಲ್ಲಾ ಮುಟ್ಟಿ ಮುಟ್ಟಿ ನೋಡ್ತಿದ್ದೆ. ಒಂದಿನ ಕಿಟಕಿ ಮೇಲೆ ಬೆಕ್ಕು ಕೂತಿತ್ತು. ಅದಿದೆಯಾ ಅಂತ ಯಾರನ್ನ ಕೇಳೋದು?"

ನನಗೆ ಆಟೋದಲ್ಲಿ ಅವರು ಕೇಳಿದ ಕೆಂಪು ಬೋರ್ಡು ಈಗ ಅರ್ಥವಾಯಿತು.

"ತಪ್ಪಾಯ್ತು ಅತ್ತೆ."

"ನೀನೇನು ಸುಳ್ಳು ಹೇಳ್ಲಿಲ್ಲ. ಗೊತ್ತಿದ್ದದ್ದು ಹೇಳ್ದೆ." ಆಮೇಲೆ, "ಆದ್ರೆ ಡಾಕ್ಟರ ಮುಂದೆ ನನ್ನನ್ನೂ ಒಂದು ಮಾತು ಕೇಳ್ಬೇಕಿತ್ತು. ನಾನು ಅಲ್ಲೇ ಕೂತಿದ್ದೆ."

ಹೂಂ ಅಂದೆ. ಅವರ ಕೈ ಹಿಡಿದುಕೊಂಡೆ, ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಹಾಗೆ ಹಿಡಿದದ್ದು ನೆನಪಿಲ್ಲ. ಬಿಗಿದ ಬೆರಳು. ಅವರೇ ಕೊನೆಗೆ, "ಹೋಗಿ ಏನಾದ್ರೂ ತಿನ್ನು, ಮುಖ ಬಾಡಿದೆ" ಅಂದರು.

ಇವರು ಬಂದ ಮೇಲೆ ಹೇಳಿದೆ. ಶರಟು ಕೂಡ ಬದಲಾಯಿಸದೆ ನೇರ ಅಮ್ಮನ ಕೋಣೆಗೆ ಹೋದರು. ಬಾಗಿಲು ಮುಂದೆ ಮಾಡಿ ಬಂದೆ.

ಜುಲೈ 16, ಬುಧವಾರ

ಬೆಳಿಗ್ಗೆ ಮೊದಲು ಡಾಕ್ಟರಿಗೆ ಫೋನು. ತಪ್ಪು ನನ್ನದು, ಪೆಟ್ಟಿಗೆಯದು, ಅತ್ತೆಯದಲ್ಲ ಅಂದೆ. ಮೊದಲಿನ ಪ್ರಮಾಣಕ್ಕೇ ಹೋಗಿ, ಒಂದು ವಾರದಲ್ಲಿ ಮೈ ಸಡಿಲವಾಗತ್ತೆ ಅಂದರು. "ಫೋನು ನಿಮ್ಮ ಅತ್ತೆಗೆ ಕೊಡಿ" ಅಂದು, ಅವರ ಹತ್ತಿರ ಐದು ನಿಮಿಷ ಮಾತಾಡಿದರು. ಏನು ಅಂತ ಅತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಆಯ್ತಾ ಸಾರ್. ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಪ್ರೋಗ್ರಾಮು ತುಂಬಬೇಕು, ಎರಡು ವಾರವಾದರೂ ಪರೀಕ್ಷಿಸಬೇಕು, 18ಕ್ಕೆ ಆಗುವುದಿಲ್ಲ ಅಂದೆ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅನ್ನುವುದು ಹೇಳುವಾಗ ತಲೆಯಲ್ಲಿತ್ತು.

"ಒಂದು ಮನೇಲಿ ಮೂರು ಸಲ ಆಗಿದ್ದಕ್ಕೆ ಎಲ್ಲಾ ನಿಲ್ಲಿಸೋದಾ ಮೇಡಂ?"

"ಒಂದು ಪೆಟ್ಟಿಗೇಲಿ ಹನ್ನೊಂದು ದಿನಕ್ಕೊಂದು ಸಲ ಸಾರ್. ನಲವತ್ತು ಪೆಟ್ಟಿಗೇಲಿ ದಿನಕ್ಕೆ ಮೂರು ನಾಲ್ಕು ಸಲ. ದಿನಾ ಮೂರು ನಾಲ್ಕು ಜನ ಮಾತ್ರೆ ಬೇಗ ತಗೋತಾರೆ. ಬೇಗ ಕೂಗಿತು ಅಂತ ಅವರು ಹೇಳಿದ್ರೆ ಯಾರೂ ನಂಬಲ್ಲ."

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಯಾರೋ ಕನ್ನಡಿ ಕೊಯ್ಯುವ ಸದ್ದು. ವಾಪಸು ಬಂದು, ನನ್ನೆದುರೇ ಆಸ್ಪತ್ರೆಗೆ ಫೋನು ಹಚ್ಚಿ, "ನಮ್ಮ ಪೆಟ್ಟಿಗೆಯಲ್ಲಿ ತಪ್ಪಿದೆ, ನಾವೇ ಕಂಡುಹಿಡಿದಿದೀವಿ, ಆಗಸ್ಟ್ ಒಂದಕ್ಕೆ ಕೊಡ್ತೀವಿ" ಅಂದರು. ಆ ಕಡೆಯಿಂದ ಬಹಳ ಹೊತ್ತು ಬೈಗುಳ ಬಂತು. "ಹೌದು", "ಹೌದು", "ಸರಿಯಾಗೇ ಹೇಳ್ತಿದೀರಿ" ಅಂತ ಕೇಳಿಸಿಕೊಂಡರು. ನನ್ನ ಹೆಸರು ಎತ್ತಲಿಲ್ಲ.

ಫೋನಿಟ್ಟು ನನ್ನ ಕಡೆ ನೋಡಿದರು. ಆಯ್ತಾ ಅನ್ನುತ್ತಾರೆ ಅಂದುಕೊಂಡೆ. "'ನಾವೇ' ಅಂದುಬಿಟ್ಟೆ. ಕಂಡುಹಿಡಿದವರು ನಿಮ್ಮ ಅತ್ತೆ. ಅವರಿಗೆ ಬೇಜಾರಾಗಲ್ವಾ?" ಅಂದರು.

ಇಷ್ಟು ದಿನ ಅವರನ್ನು ಬರೀ ಅವಸರದ ಮನುಷ್ಯ ಅಂದುಕೊಂಡಿದ್ದೆ.

ಜುಲೈ 22, ಮಂಗಳವಾರ

ಅತ್ತೆ ತಾವಾಗಿಯೇ ಎದ್ದು ಕಿಟಕಿಯ ಹತ್ತಿರ ಹೋಗಿ ಕೂತಿದ್ದರು. ಗುಂಡಿ ಹಾಕಿಕೊಳ್ಳಲು ನಾಲ್ಕು ನಿಮಿಷ. ಬೆಕ್ಕು ನಿಜವಾಗಿಯೂ ಇದೆ. ಬೂದು ಬಣ್ಣ, ಒಂದು ಕಿವಿ ಹರಿದಿದೆ. ಇಬ್ಬರೂ ನೋಡಿದೆವು.

ಆಗಸ್ಟ್ 1, ಶುಕ್ರವಾರ

ವೃದ್ಧರ ವಾರ್ಡು. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಕೊನೆಯಲ್ಲಿ ಹೆಡ್ ನರ್ಸಿನ ಮೇಜು. ಆಕೆ ಪೆಟ್ಟಿಗೆಯನ್ನು ಮುಟ್ಟುವುದಕ್ಕೂ ಮೊದಲು, "ತಪ್ಪಿದೆ ಅಂತ ಫೋನ್ ಮಾಡಿದ್ದು ನೀವೇನಾ?" ಅಂದಳು.

"ನಮ್ಮ ಕಂಪನಿ ಯಜಮಾನರು."

"ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ತಂದುಕೊಟ್ಟವರು ತಾವಾಗೇ ತಪ್ಪಿದೆ ಅಂದಿದ್ದು." ಅಷ್ಟೇ ಹೇಳಿ ರಸೀತಿಗೆ ಸಹಿ ಹಾಕಿದಳು.

ಹತ್ತು ಗಂಟೆಯಾಗುವಾಗ ನಾನು ಕೋಣೆಯ ನಡುವೆ ನಿಂತಿದ್ದೆ. ಮೇಷ್ಟ್ರು ಬಾಗಿಲ ಹತ್ತಿರ. ನಲವತ್ತು ಪರದೆಗಳು 9:59ರಿಂದ 10:00ಕ್ಕೆ ಹೊರಳಿದವು. ಒಂದೂ ಕೂಗಲಿಲ್ಲ. ಅರ್ಧ ಗಂಟೆ ಅಲ್ಲೇ ನಿಂತೆವು. ಹತ್ತೂವರೆಗೆ ಈ ತುದಿಯಿಂದ ಶುರುವಾಗಿ ಆ ತುದಿಯವರೆಗೆ ಎಲ್ಲವೂ ಕೂಗಿದವು. ಮಂಚಗಳ ಮೇಲೆ ನಡುಗುವ ಕೈಗಳು ಒಂದೊಂದಾಗಿ ಮುಂದೆ ಬಂದವು. ಮೂಲೆಯ ಅಜ್ಜಿಯೊಬ್ಬರು ಮಾತ್ರೆ ಎತ್ತಿಕೊಂಡರೂ ಬಾಯಿಗೆ ಹಾಕಲಿಲ್ಲ. ಮೊದಲು ಗೋಡೆ ಗಡಿಯಾರ ನೋಡಿದರು, ಆಮೇಲೆ ಪೆಟ್ಟಿಗೆ ನೋಡಿದರು, ಆಮೇಲೆ ನುಂಗಿದರು.

ಮೇಷ್ಟ್ರು ಕೊಡೆ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದರು.

ಆಗಸ್ಟ್ 3, ಭಾನುವಾರ

ಎರಡು ಸಾಲು ಖಾನೆಯ ಹೊಸ ಪೆಟ್ಟಿಗೆ ಮಾಡಬೇಕಂತೆ. ಮನೆಯ ಪರೀಕ್ಷೆಗೆ ಅತ್ತೆ ಒಪ್ಪುತ್ತಾರಾ ಕೇಳಿ ಅಂತ ಆಯ್ತಾ ಸಾರ್ ಹೇಳಿ ಕಳಿಸಿದ್ದರು. ಕೇಳಿದೆ.

"ಸುಮ್ನೆ ನೋಡಿ ಬರೀರಿ ಅಂದ್ರೆ ನಾನು ಬರೆಯಲ್ಲ. ಒಳಗೇನಾಗತ್ತೆ ಅಂತ ಮೊದಲು ಹೇಳು" ಅಂದರು.

ಬಿಸಿಲು ಬರುವ ಕಡೆ ಇಬ್ಬರೂ ಕೂತೆವು. ಟೈಮರು, ಎಣಿಕೆ, ಭುಜ ತಟ್ಟುವುದು, ಬಿಟ್ಟ ಜಾಗಕ್ಕೆ ವಾಪಸು ಬರುವುದು, ಎಲ್ಲ ಹೇಳಿದೆ. ಅವರು ಮಧ್ಯೆ ಮಾತಾಡಲಿಲ್ಲ. ಒಮ್ಮೆ ಮಾತ್ರ, "ಇದೇ ನಾವು ದಿನಾ ಮಾಡ್ತಿದ್ದ ಕೆಲಸ. ಒಂದು ಲೈನಲ್ಲಿ ಮಾತಾಡ್ತಿರೋವಾಗ ಇನ್ನೊಂದು ದೀಪ ಹತ್ತೋದು" ಅಂದರು. ಹೊಸ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೂ ಹಾಗೇ ಭುಜ ತಟ್ಟುತ್ತದೆ ಅಂದೆ.

"ಗುಂಡೀನೂ ಟೈಮರೂ ಒಟ್ಟಿಗೆ ತಟ್ಟಿದ್ರೆ?"

"ಒಬ್ಬರು ಮೊದಲು, ಇನ್ನೊಬ್ಬರು ಕಾಯ್ತಾರೆ. ಕಾಯೋರನ್ನ ಚಿಪ್ಪು ಮರೆಯಲ್ಲ."

"ಸರಿ. ಕಾಯ್ತಾ ಇರೋವಾಗ್ಲೇ ಅದೇ ಟೈಮರು ಇನ್ನೊಂದು ಸಲ ತಟ್ಟಿದ್ರೆ? ಎರಡೂ ಲೆಕ್ಕಕ್ಕೆ ಬರತ್ತಾ, ಒಂದೇನಾ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದೇ. ಯಾರೋ ತಟ್ಟಿದರು ಅನ್ನುವುದಷ್ಟೇ ಚಿಪ್ಪಿಗೆ ನೆನಪಿರುತ್ತದೆ, ಎಷ್ಟು ಸಲ ಅನ್ನುವುದಲ್ಲ. ಗುಂಡಿಯ ಕೆಲಸ ಸೆಕೆಂಡಿನ ನೂರನೇ ಪಾಲಿಗಿಂತ ಉದ್ದವಾದರೆ ಒಂದು ಎಣಿಕೆ ಸದ್ದಿಲ್ಲದೆ ಕಳೆದುಹೋಗುತ್ತದೆ. ನಾನು ಶುಕ್ರವಾರ ಬರೆದಿಟ್ಟು ಬಂದ ಗುಂಡಿಯ ಕೆಲಸ ಎಷ್ಟು ಉದ್ದವಿದೆ?

"ಗೊತ್ತಿಲ್ಲ ಅತ್ತೆ. ಅಳೆದು ನೋಡಿ ಹೇಳ್ತೀನಿ."

"ಅವಸರ ಇಲ್ಲ. ಸರಿಯಾಗಿ ನೋಡು" ಅಂದರು.

ಇವರು ಊಟಕ್ಕೆ ಎರಡು ಸಲ ಕರೆದರಂತೆ. ನಮಗೆ ಒಂದೂ ಕೇಳಿಸಲಿಲ್ಲ.